ಲಿನಕ್ಸ್ ಮಾವನೂ ದೊಡ್ಡಮ್ಮನ ಮೂಗೂ

ನೆಂಟರ ಮನೆಗೆ ಹೋದವರು ಕಾಫಿ ಕೇಳುತ್ತಾರೆ, ಹೆಚ್ಚೆಂದರೆ ಹೆಣ್ಣು ಕೇಳುತ್ತಾರೆ. ಮೂಗು ಕೇಳಿದವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಸೋದರಮಾವ, ನಂಜನಗೂಡಿನಲ್ಲಿ ಡ್ರಾಯಿಂಗ್ ಮೇಷ್ಟ್ರು!

ಮೂಗು ಬೇಕಾಗಿದ್ದು ನನ್ನ ಅಮ್ಮನಿಗೆ. ನಾನು ಕೂಸಾಗಿದ್ದಾಗಲೇ ಅಮ್ಮ ತೀರಿಹೋಗಿದ್ದಳು. ಇದ್ದ ಒಂದೇ ಫೋಟೋವನ್ನು ಗೆದ್ದಲು ತಿಂದು ಮುಗಿಸಿತ್ತು. ಟಿ. ನರಸೀಪುರದ ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಅಜ್ಜ, ಅಜ್ಜಿಗೆ ಫೋಟೋ. ಅಮ್ಮನಿಗೆ ಮಾತ್ರ ಮಣೆಯ ಮೇಲೊಂದು ಮಡಿಸಿದ ಸೀರೆ. ಅವಳು ಹೇಗಿದ್ದಳು ಎಂದು ಕೇಳಿದರೆ ಅಪ್ಪ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದ. ಹೆತ್ತವಳ ಮುಖ ಗೊತ್ತಿಲ್ಲದೆಯೇ ನಾನು ಬಿ.ಎ. ಮುಗಿಸಿದೆ.

“ಈ ಅಮಾಸೆಗೆ ನಿಮ್ಮವ್ವನ್ನ ತೋರುಸ್ತೀನಿ ಕಣವ್ವ” ಎಂದರು ಮಾವ. ಕಾಗದದ ಮೇಲೆ ಎಷ್ಟೋ ಸಲ ಬರೆದಿದ್ದರು. ಕಣ್ಣು ತಿದ್ದಲು ಹೋದರೆ ಕೆನ್ನೆ ಕೆಡುತ್ತಿತ್ತು, ಉಜ್ಜಿ ಉಜ್ಜಿ ಕಾಗದವೇ ತೂತಾಗುತ್ತಿತ್ತು. ಅದಕ್ಕೇ ಕಂಪ್ಯೂಟರ್ ತರಿಸಿದರು. ಜೋಡಿಸಿಕೊಡಲು ಬಂದವನು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರಿನ ನಕಲಿ ಸಿ.ಡಿ. ತೆಗೆದ.

“ಎಲ್ರೂ ಇದ್ನೇ ಆಕ್ಕಳದು ಸಾ.”

“ನಮ್ಮಕ್ಕನ್ನ ಕದ್ದ ಮಾಲಲ್ಲಿ ಬರೀಲಾ? ಎತ್ಕಂಡ್ ನಡಿಯಲಾ!”

ಕೊನೆಗೆ ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡರು. ತಿಂಗಳಾದ ಮೇಲೆ ಅದನ್ನೇ ಮತ್ತೊಮ್ಮೆ ಹಾಕುವ ಭರದಲ್ಲಿ, ಅಷ್ಟರೊಳಗೆ ಅತ್ತೆ ತುಂಬಿಸಿಟ್ಟುಕೊಂಡಿದ್ದ ಹಾಡುಗಳೆಲ್ಲ ಅಳಿಸಿಹೋದವು. ಅತ್ತೆ ಮಾತು ಬಿಟ್ಟರು. “ಎಂಥಾ ಸಾಫ್ಟ್‌ವೇರು! ಕಂಪ್ಯೂಟ್ರೂ ಸದ್ದಿಲ್ಲ, ಮನೇನೂ ಸದ್ದಿಲ್ಲ” ಎಂದು ಮಾವ ಮೆಚ್ಚಿಕೊಂಡರು.

ಅದರಲ್ಲಿ ಚಿತ್ರ ಬರೆಯಲು ಗಿಂಪ್ ಎಂಬುದೊಂದಿತ್ತು. ಮೌಸ್ ಹಿಡಿದು ಬರೆದರೆ ಗೆರೆ ಅಂಕುಡೊಂಕು. ಮಾವ ಮೌಸನ್ನೇ ಅಂಗಾತ ಮಲಗಿಸಿ, ಅದರ ಹೊಟ್ಟೆಯ ಗುಂಡನ್ನು ಹೆಬ್ಬೆರಳಿನಲ್ಲಿ ಉರುಳಿಸಿ, ಇನ್ನೊಂದು ಕೈಯಿಂದ ಕೆಳಗಿನ ಗುಂಡಿ ಒತ್ತಿ ಬರೆದರು! ವಾರಕ್ಕೊಮ್ಮೆ ಆ ಗುಂಡನ್ನು ಹೊರತೆಗೆದು ಸೀಗೆಪುಡಿ ಸ್ನಾನ ಬೇರೆ. ಪರದೆಯ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ಒಂದೊಂದೇ ಕೂದಲು ಎಳೆಯುತ್ತಿದ್ದಾಗ ಪಕ್ಕದ ಮನೆಯವರು ಬಂದು, “ಏನ್ ಮೇಷ್ಟ್ರೇ, ಕಬ್ಬಿನ್ ಗದ್ದೆಯಾ?” ಎಂದು ಕೇಳಿದರು.

“ಅಲ್ಲ. ನಮ್ಮಕ್ಕನ ಹುಬ್ಬು.”

ನೆನಪಿನಿಂದ ಹುಬ್ಬು ಬಂತು, ಗದ್ದ ಬಂತು. ಮೂಗು ಬರಲಿಲ್ಲ ನೋಡಿ! ಆಗ ಶುರುವಾಯಿತು, ಅಮ್ಮನ ಅಕ್ಕತಂಗಿಯರ ಮುಖದಲ್ಲಿ ಬೇಟೆ. ತಾಂಡವಪುರದ ಚಿಕ್ಕಮ್ಮ ಕೇಳದೆಯೇ ಕಿವಿ ಕೊಟ್ಟರು. ಕಳಲೆಗೆ ಹೋಗಿ ಅಮ್ಮನ ಅಕ್ಕನಿಗೆ “ಒಸಿ ಮೂಗ್ ಕೊಡಕ್ಕ” ಎಂದಾಗ ದೊಡ್ಡಮ್ಮ ಪೊರಕೆ ಹುಡುಕಿದರಂತೆ. ವಿಷಯ ತಿಳಿದ ಮೇಲೆ ಮೂಗುಬೊಟ್ಟು ಉಜ್ಜಿಕೊಂಡು ಬಂದು ಕೂತರು. “ಅವಳ್ಗೂ ನನ್ ಮೂಗೇ ಕಣ್ಲಾ ಇದ್ದದ್ದು!”

ಗಿಂಪ್‌ನಲ್ಲಿ ಲೇಯರ್ ಎಂದು ಇರುತ್ತದೆ, ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಒಬ್ಬೊಬ್ಬರದೂ ಒಂದೊಂದು ಹಾಳೆ. ಬೇಡವಾದರೆ ಒಂದು ಗುರುತು ಒತ್ತಿ ಮರೆಮಾಡಬಹುದು. ದೊಡ್ಡಮ್ಮ ನೋಡಲು ಬಂದ ದಿನ ಮಾವ ಅದನ್ನು ಒತ್ತಿಬಿಟ್ಟರು. “ಅಯ್ಯೋ, ನನ್ ಮೂಗ್ ಎಲ್ಲಾಕ್ದ್ಯೋ ಪಾಪಿ!” ಎಂದು ದೊಡ್ಡಮ್ಮ ತಮ್ಮ ಮುಖವನ್ನೇ ತಡವಿಕೊಂಡರು.

ಅಮಾವಾಸ್ಯೆ ಹತ್ತಿರ ಬಂದಾಗ ಮಾವ ನಮ್ಮನ್ನು ಕರೆಸಿದರು. ನಾನೂ ಅಪ್ಪನೂ ಬಸ್ಸು ಹತ್ತಿ ಹೋದೆವು. ಪರದೆಯ ಮೇಲೆ ಅಮ್ಮ! ನನಗೆ ಕಣ್ಣು ತುಂಬಿ ಏನೂ ಕಾಣಿಸಲಿಲ್ಲ. ಅಪ್ಪ ಬಹಳ ಹೊತ್ತು ನೋಡಿದ.

“ಮೂಗು ಅವಳ್ದಲ್ಲ ಮೇಷ್ಟ್ರೇ.”

“ಮತ್ತೆಂಗಿತ್ತು ಭಾವ?” ಮಾವನ ಧ್ವನಿ ಸೋತಿತ್ತು.

ಅಪ್ಪ ನನ್ನ ಕಡೆ ತಿರುಗಿ, ಒರಟು ಬೆರಳಿನಿಂದ ನನ್ನ ಮೂಗನ್ನು ಮುಟ್ಟಿದ. “ಇಂಗಿತ್ತು. ಇದೇಯ. ಇವಳ್ನ ನೋಡ್ಕಂಡ್ ಬರೀರಿ.”

ಮಾವ ಮೌಸನ್ನು ಅಂಗಾತ ಮಾಡಿದರು. ನಾನು ಅಲ್ಲಾಡದೆ ಕುಳಿತೆ. ಅಪ್ಪ ಪಕ್ಕದಲ್ಲಿ ನಿಂತು “ಇನ್ನೊಸಿ ಮೊಂಡು... ಸಿಟ್ ಬಂದ್ರೆ ಅರಳದು...” ಎನ್ನುತ್ತಾ ಹೋದ. ಅಮ್ಮನಿಗೆ ಸಿಟ್ಟು ಬರುತ್ತಿತ್ತೆಂದು ನನಗೆ ಗೊತ್ತಾದದ್ದೇ ಅಂದು. ಯಾವ ಊರಿನ ಯಾರ್ಯಾರೋ ಮಾಡಿ ಪುಕ್ಕಟೆ ಹಂಚಿದ ಆ ಸಾಫ್ಟ್‌ವೇರಿಗೂ, ನನ್ನ ಹುಚ್ಚು ಮಾವನಿಗೂ ನಾನು ಈಗಲೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಆ ಅಮಾವಾಸ್ಯೆಗೆ ಸೀರೆಯ ಹಿಂದೆ ಅಚ್ಚು ಹಾಕಿಸಿದ ಅಮ್ಮನ ಚಿತ್ರ ಇಟ್ಟು ನಾನು ಅವಳ ಎಡೆಗೆ ಉಪ್ಸಾರು, ಅದರ ಖಾರ ಬಡಿಸುತ್ತಿದ್ದೆ. ಹಿಂದಿನಿಂದ ಅಪ್ಪ ಹೇಳಿದ:

“ಖಾರ ಇನ್ನೊಸಿ ಆಕವ್ವ. ನಿಮ್ಮವ್ವಂಗೆ ಸಪ್ಪೆ ಆಗದಿಲ್ಲ.”