ಚಕ್ರವೆಂಬ ಬಿಡಿಭಾಗ

ಬೆಟ್ಟದ ನೀರುಕೊಳವೆ ಇಲಾಖೆಯಲ್ಲಿ ವಾಹನವೆಂದರೆ ಅದರ ಸ್ಟ್ಯಾಂಡು. ಚಕ್ರ ಅದರ ಬಿಡಿಭಾಗ. ಇದನ್ನು ಯಾರೋ ತಮಾಷೆಗೆ ಹೇಳಿದ್ದಲ್ಲ. ದಾಸ್ತಾನು ವಹಿಯ ಎಪ್ಪತ್ತನೆಯ ಪುಟದಲ್ಲಿ ನೀಲಿ ಶಾಯಿಯಲ್ಲಿ ಬರೆದು, ಕೆಳಗೆ ಮೂವರು ಸಹಿ ಮಾಡಿ, ಮೊಹರು ಒತ್ತಿದ್ದಾರೆ. ಮೊಹರು ಬಿದ್ದ ಮೇಲೆ ಅದು ನಿಜವಾಗದೆ ಇನ್ನೇನಾಗುತ್ತದೆ?

ಹೀಗಾಗಲು ಕಾರಣವೂ ಇತ್ತು. ಬೆಟ್ಟದ ಮೇಲಿನ ಕೊಳವೆಗಳನ್ನು ನೋಡಿಕೊಳ್ಳುವ ತಪಾಸಕರಿಗೆಂದು ಮೇಲಿನ ಕಚೇರಿಯಿಂದ ಹನ್ನೊಂದು ಒಂಟಿಚಕ್ರಗಳು ಬಂದವು. ಒಂಟಿಚಕ್ರವೆಂದರೆ ಬ್ಯಾಟರಿಯಲ್ಲಿ ಓಡುವ, ಒಂದೇ ಚಕ್ರದ ಬಂಡಿ. ಚಕ್ರದ ಎರಡೂ ಪಕ್ಕ ಪಾದ ಊರಲು ಒಂದೊಂದು ಮೆಟ್ಟು. ಅದರ ಮೇಲೆ ನಿಂತು ಮುಂದಕ್ಕೆ ಬಾಗಿದರೆ ಓಡುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ. ಇಳಿದ ಮೇಲೆ ಮಗುಚಿ ಬೀಳದಿರಲಿ ಎಂದು ಹಿಂಬದಿಗೆ ಗೇಣುದ್ದದ ಒಂದು ಸ್ಟ್ಯಾಂಡು.

ದಾಸ್ತಾನು ಗುಮಾಸ್ತ ವಾಹನದ ನಮೂನೆ ತೆಗೆದು ಬರೆಯಲು ಕೂತ. ಅದರಲ್ಲಿ ‘ಚಕ್ರಗಳ ಸಂಖ್ಯೆ: ಎರಡು, ಮೂರು, ನಾಲ್ಕು, ಆರು, ಅನ್ವಯಿಸದ್ದನ್ನು ಹೊಡೆದುಹಾಕಿ’ ಎಂದಿತ್ತು. ಅವನು ನಿಯತ್ತಿನ ಮನುಷ್ಯ, ನಾಲ್ಕನ್ನೂ ಹೊಡೆದುಹಾಕಿದ. ಏನೂ ಉಳಿಯಲಿಲ್ಲ. ಏನೂ ಉಳಿಯದ ಕಾಗದಕ್ಕೆ ಸಾಹೇಬರು ಸಹಿ ಹಾಕುವವರಲ್ಲ. ಎರಡು ದಿನ ತಲೆ ಕೆರೆದುಕೊಂಡು, ಕೊನೆಗೆ ಏಣಿ, ಕಪ್ಪುಹಲಗೆಯ ಚೌಕಟ್ಟು, ಕೊಡೆ ಇಡುವ ಗೂಟ ಮುಂತಾದ ‘ನಿಲ್ಲುವ ಸಾಮಾನುಗಳ’ ನಮೂನೆ ಹುಡುಕಿ ತೆಗೆದ. ‘ಸಾಮಾನಿನ ಹೆಸರು: ಸ್ಟ್ಯಾಂಡು, ವಾಹನ. ಅದಕ್ಕೆ ಜೋಡಿಸಿದ್ದು ಏನಾದರೂ ಇದ್ದಲ್ಲಿ: ಚಕ್ರ, ಒಂದು.’ ವಾಹನ ಸಂಖ್ಯೆಯನ್ನು ಒಂದೊಂದು ಸ್ಟ್ಯಾಂಡಿನ ಮೇಲೂ ಸುತ್ತಿಗೆಯಲ್ಲಿ ಹೊಡೆದು ಮೂಡಿಸಿದರು. ಇಷ್ಟು ಅಚ್ಚುಕಟ್ಟಾದ ಕೆಲಸ ಆ ಕಚೇರಿಯಲ್ಲಿ ಅಲ್ಲಿಯವರೆಗೆ ನಡೆದಿರಲಿಲ್ಲ.

ಕಾರ್ಯಾಗಾರದ ಫಿಟ್ಟರನಿಗೆ ಈ ಎಪ್ಪತ್ತನೆಯ ಪುಟದ ಸುದ್ದಿ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ತಂಗಿಯ ಮೊಣಕಾಲು. ತಂಗಿ ಅದೇ ಇಲಾಖೆಯಲ್ಲಿ ವಾಲ್ವ್ ತಪಾಸಕಿ. ದಿನಾ ಬೆಟ್ಟ ಹತ್ತಿ, ಇಪ್ಪತ್ತೆರಡು ವಾಲ್ವುಗಳನ್ನು ತಿರುಗಿಸಿ ನೋಡಿ, ಹೊತ್ತು ಮುಳುಗುವ ಮುಂಚೆ ಕೆಳಗಿಳಿದು ವಹಿಯಲ್ಲಿ ಸಹಿ ಮಾಡಬೇಕು. ವರ್ಷದಲ್ಲಿ ಮೂರು ಸಲ ತಡವಾದರೆ ‘ದೈಹಿಕವಾಗಿ ಅಸಮರ್ಥ’ ಎಂದು ಬರೆದು ಮನೆಗೆ ಕಳಿಸುತ್ತಾರೆ. ಅವಳಿಗೆ ಆಗಲೇ ಎರಡು ಸಲ ತಡವಾಗಿತ್ತು. ಗಂಡ ತೀರಿಹೋಗಿ ನಾಲ್ಕು ವರ್ಷ. ಇಬ್ಬರು ಹೆಣ್ಣುಮಕ್ಕಳ ಊಟ, ಓದು, ಬಾಡಿಗೆ ಎಲ್ಲವೂ ಆ ಮೊಣಕಾಲಿನ ಮೇಲೇ ನಿಂತಿತ್ತು.

ಒಂಟಿಚಕ್ರ ಬಂದಾಗ ಅವಳಿಗೆ ಹೋದ ಜೀವ ಬಂದಂತಾಯಿತು. ನೇರ ನಿಂತರೆ ಮೊಣಕಾಲು ನೋಯುತ್ತಿರಲಿಲ್ಲ; ಹತ್ತಿ ಇಳಿದರೆ ಮಾತ್ರ ಪ್ರಾಣ ಹಿಂಡುತ್ತಿತ್ತು. ಆದರೆ ವಾಲ್ವ್ ತಿರುಗಿಸಲು ಎರಡೂ ಕೈ ಬೇಕು, ಬಂಡಿ ತಾನೇ ನಿಲ್ಲಬೇಕು. ಕಂಪನಿಯವರು ಕೊಟ್ಟ ಸ್ಟ್ಯಾಂಡಿನ ಪಾದ ಹೆಬ್ಬೆರಳಷ್ಟು. ನುಣುಪು ನೆಲಕ್ಕೆ ಮಾಡಿದ ಅಲಂಕಾರ ಅದು, ಕಲ್ಲುಮಣ್ಣಿನ ದಾರಿಯಲ್ಲಿ ಏನು ಕಿಸಿದೀತು? ಕೆಸರಲ್ಲಿ ಹೂತು, ಇಳಿಜಾರಲ್ಲಿ ಜಾರಿ, ಹದಿನಾಲ್ಕನೇ ವಾಲ್ವಿನ ಬಳಿ ಬಂಡಿ ಉರುಳುರುಳಿ ಪೊದೆಯೊಳಗೆ ಬಿತ್ತು. ಸ್ಟ್ಯಾಂಡು ಬಾಗಿ ಕುಡುಗೋಲಾಯಿತು.

“ಓಡೋವಾಗ ಇದು ರಾಜ ಕಣೋ ಅಣ್ಣ, ನಿಲ್ಸಿದ್ರೆ ಕುಡುಕ,” ಎಂದಳು ತಂಗಿ, ಕಾರ್ಯಾಗಾರದ ಮೆಟ್ಟಿಲ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತ.

“ಎರಡು ದಿನ ತಡಿ. ನೆಲ ಕಚ್ಚಿ ನಿಲ್ಲೋ ಹಾಗೆ ಮಾಡಿಕೊಡ್ತೀನಿ,” ಎಂದ ಫಿಟ್ಟರ್.

ಮಾಡಿಯೂ ಕೊಟ್ಟ. ಒಂದರೊಳಗೊಂದು ಜಾರುವ ಎರಡು ಕೊಳವೆ ತುಂಡು. ಇಳಿಜಾರಿಗೆ ತಕ್ಕಂತೆ ಎಳೆದು, ತೂತಿಗೆ ಕೀಲು ಸಿಕ್ಕಿಸಿದರೆ ಉದ್ದ ಕಮ್ಮಿ ಜಾಸ್ತಿ ಆಗುತ್ತದೆ. ತುದಿಗೆ ಚಹಾದ ತಟ್ಟೆಯಗಲದ ಕಬ್ಬಿಣದ ಪಾದ, ಅದರಡಿಗೆ ಹಳೆ ಟೈರಿನ ಅಟ್ಟೆ. ಓಡುವಾಗ ಕಲ್ಲಿಗೆ ತಗಲದಂತೆ ಮೇಲಕ್ಕೆಳೆದು ಹಿಡಿಯಲು ಮುರಿದ ಕುರ್ಚಿಯ ಸ್ಪ್ರಿಂಗು. ಜೊತೆಗೆ ಗಂಟುಗಂಟಿನ ಟೈರು ಹಾಕಿ, ಕೆಸರು ಎರಚದಂತೆ ಮಡ್ಗಾರ್ಡನ್ನು ಅರ್ಧ ಮೊಳ ಉದ್ದ ಮಾಡಿ, ಕಣಕಾಲು ಒರಗುವ ಕಡೆ ದಪ್ಪ ಕಂಬಳಿಯ ಮೆತ್ತೆ ಹೊಲಿದ. ಮಾರನೇ ದಿನ ತಂಗಿ ಇಪ್ಪತ್ತೆರಡು ವಾಲ್ವ್ ಮುಗಿಸಿ ಮೂರು ಗಂಟೆಗೇ ಕೆಳಗೆ ಬಂದಳು.

“ಮೊಣಕಾಲು ಅಂತ ಒಂದಿದೆ ಅನ್ನೋದೇ ಮರೆತುಹೋಗಿತ್ತು ಅಣ್ಣ,” ಎಂದಳು.

ಫಿಟ್ಟರನಿಗೆ ಕಣ್ಣು ತುಂಬಿತು. ಎಣ್ಣೆ ಬಟ್ಟೆಯಲ್ಲೇ ಒರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡ. ನಲವತ್ತು ದಿನ ಅವಳು ಒಮ್ಮೆಯೂ ತಡ ಮಾಡಲಿಲ್ಲ. ಇಲಾಖೆಯಲ್ಲಿ ಯಾರಾದರೂ ಇಷ್ಟು ದಿನ ಸುಖವಾಗಿ ಕೆಲಸ ಮಾಡಿದರೆ ಅಲ್ಲಿ ಏನೋ ಲೋಪ ಇರಲೇಬೇಕಷ್ಟೆ.

ನಲವತ್ತೊಂದನೇ ದಿನ ವಾರ್ಷಿಕ ವಾಹನ ತಪಾಸಣೆ. ‘ವಾಹನವು ನಿಂತ ಸ್ಥಿತಿಯಲ್ಲಿರತಕ್ಕದ್ದು’ ಎಂಬುದು ಅದರ ಮೊದಲ ನಿಯಮ. ಓಡುವ ವಾಹನದ ಸಂಖ್ಯೆ ಓದುವುದು ಯಾರಿಂದಾದೀತು? ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಗುಮಾಸ್ತ ನೆಲಕ್ಕೆ ಬಗ್ಗಿ ಒಂದೊಂದೇ ಸ್ಟ್ಯಾಂಡಿನ ಸಂಖ್ಯೆ ಓದುತ್ತ ಬಂದು, ತಂಗಿಯ ಬಂಡಿಯ ಮುಂದೆ ನಿಂತ. ಹಿಂದೆ ನೋಡಿದ, ಕೆಳಗೆ ನೋಡಿದ.

“ಸಾರ್, ಇಲ್ಲಿ ವಾಹನ ಇಲ್ಲ.”

ಸಾಹೇಬರು ಬಂಡಿಯನ್ನೇ ದಿಟ್ಟಿಸುತ್ತ, “ಹೌದಲ್ರೀ. ಎಲ್ಲಿ ಹೋಯ್ತು?” ಎಂದರು.

“ಎದುರಿಗೇ ಇದೆಯಲ್ಲ ಸಾರ್,” ಎಂದ ಫಿಟ್ಟರ್.

“ಅದು ಬಿಡಿಭಾಗ ಕಣಯ್ಯ. ವಾಹನ ಎಲ್ಲಿ?”

ಗುಮಾಸ್ತ ಎಪ್ಪತ್ತನೆಯ ಪುಟ ತೋರಿಸಿದ. ಫಿಟ್ಟರ್ ಎರಡು ಸಲ ಓದಿದ. ಆಮೇಲೆ ಒಳಗೆ ಹೋಗಿ ಗುಜರಿ ಡಬ್ಬಿ ತಡಕಿ, ಆ ಬಾಗಿದ ಸ್ಟ್ಯಾಂಡನ್ನು ತಂದಿಟ್ಟ. “ಅಯ್ಯಯ್ಯೋ, ಏಳನೇ ನಂಬರು!” ಎಂದು ಗುಮಾಸ್ತ ಕೂಗಿ, ಅದರ ಮೇಲೆ ತನ್ನ ಕರವಸ್ತ್ರ ಹೊದಿಸಿದ. ಸಾಹೇಬರು ಕ್ಷಣಹೊತ್ತು ಟೋಪಿ ತೆಗೆದು ನಿಂತರು.

ಮಧ್ಯಾಹ್ನದೊಳಗೆ ನೋಟೀಸು ಬಂತು: ‘ಸದರಿ ಫಿಟ್ಟರ್ ಇಲಾಖೆಯ ಒಂದು ವಾಹನವನ್ನು ಗುಜರಿಗೆ ಹಾಕಿರುವುದೂ, ಪರವಾನಗಿಯಿಲ್ಲದೆ ಹೊಸ ವಾಹನವೊಂದನ್ನು ತಯಾರಿಸಿರುವುದೂ ಕಂಡುಬಂದಿರುತ್ತದೆ. ಸದರಿಯವನ ತಂಗಿಯಾದ ತಪಾಸಕಿಯು ನಲವತ್ತು ದಿನ ವಾಹನವಿಲ್ಲದೆ ಕೇವಲ ಬಿಡಿಭಾಗದ ಮೇಲೆ ಬೆಟ್ಟ ಸುತ್ತಿರುತ್ತಾಳೆ. ಬಿಡಿಭಾಗದ ಮೇಲೆ ಮಾಡಿದ ತಪಾಸಣೆಯನ್ನು ಮಾಡಿಲ್ಲವೆಂದೇ ಭಾವಿಸತಕ್ಕದ್ದು.’

ಅಂದರೆ ಮೂರನೇ ಸಲವಲ್ಲ, ನಲವತ್ತೆರಡು ಸಲ ತಡ. ತಂಗಿ ನೋಟೀಸು ಹಿಡಿದು ಅಂಗಳದಲ್ಲೇ ಕೂತುಬಿಟ್ಟಳು. ಫಿಟ್ಟರ್ ಸಾಹೇಬರ ಮೇಜಿನ ಮುಂದೆ ಕೈಕಟ್ಟಿ ನಿಂತ.

“ನಾವೇನು ಕಟುಕರಲ್ಲಪ್ಪ,” ಎಂದರು ಸಾಹೇಬರು. “ಹಾವೂ ಸಾಯಬಾರದು, ಕೋಲೂ ಮುರೀಬಾರದು. ನಿನ್ನ ಸ್ಟ್ಯಾಂಡಿಗೆ ಉಪಸಮಿತಿ ಒಪ್ಪಿಗೆ ಕೊಟ್ರೆ ಅದೇ ವಾಹನ ಆಗುತ್ತೆ. ಅಲ್ಲೀತನಕ ಅವಳ ಫೈಲು ನನ್ನ ಡ್ರಾಯರಿನಲ್ಲಿರುತ್ತೆ.”

ಉಪಸಮಿತಿಯಲ್ಲಿ ಮೂವರು: ಸಾಹೇಬರು, ಗುಮಾಸ್ತ, ಮತ್ತು ಬೆಟ್ಟದ ಕಡೆ ಮುಖ ಮಾಡಿದರೇ ತಲೆ ಸುತ್ತುವ ಸುರಕ್ಷತಾ ಅಧಿಕಾರಿ. ಕಲ್ಲುದಾರಿಯ ಸ್ಟ್ಯಾಂಡನ್ನು ಅವರು ಮೊದಲು ಸಭಾಕೊಠಡಿಯ ನುಣುಪು ನೆಲದ ಮೇಲೆ, ಆಮೇಲೆ ಜಮಖಾನದ ಮೇಲೆ ಪರೀಕ್ಷಿಸಿದರು. ಮೂರನೇ ಸಭೆಗೆ ಬೆಟ್ಟದ ಕೆಸರನ್ನು ತಟ್ಟೆಯಲ್ಲಿ ತರಿಸಿದರು. ಅದು ಒಣಗಿಹೋಗಿದ್ದರಿಂದ ಸಾಹೇಬರ ಕುಡಿಯುವ ನೀರು ಹಾಕಿ ಕಲಸಬೇಕಾಯಿತು. ಸ್ಟ್ಯಾಂಡು ಎಲ್ಲದರ ಮೇಲೂ ನಿಂತಿತು. ಫಿಟ್ಟರನಿಗೆ ಆಸೆ ಚಿಗುರಿತು.

“ನಿಂತಿದೆ, ಒಪ್ಪಿದೆ. ಆದ್ರೂ ಒಂದೇ ಕಾಲಲ್ವಾ?” ಎಂದರು ಸುರಕ್ಷತಾ ಅಧಿಕಾರಿ. “ನಾಯಿಗೂ ದೇವರು ನಾಲ್ಕು ಕೊಟ್ಟಿದ್ದಾನೆ.”

ನಾಲ್ಕು ದುಂದಾಯಿತೆಂದು ಮೂರಕ್ಕೆ ಇಳಿಸಿದರು. ಮೇಲೆ ಒಂದು ದೀಪ. ದೀಪ ನೆನೆಯಬಾರದೆಂದು ತಗಡಿನ ಮಾಡು. ನಿಯಮಾವಳಿ ಪುಸ್ತಕ ಇಡಲು ಬೀಗವಿರುವ ಪೆಟ್ಟಿಗೆ. ಸಾಹೇಬರ ಪದನಾಮದ ಫಲಕ. ಮೂಗಿಗಿಂತ ಮೂಗುತಿ ಭಾರ ಎಂದು ಹೇಳಲು ಅಲ್ಲಿ ಯಾರಿಗೂ ಮೂಗಿರಲಿಲ್ಲ. ತಯಾರಿಕೆಯ ಗುತ್ತಿಗೆ ಗುಮಾಸ್ತನ ಭಾವಮೈದುನನಿಗೆ ಸಿಕ್ಕಿತು. ಮನೆಗಳ ಗೇಟು ಮಾಡುವವನು, ಗೇಟಿನ ಅಳತೆಯಲ್ಲೇ ಮಾಡಿದ. ಕಬ್ಬಿಣದ ತೂಕಕ್ಕೆ ಹಣ ಕೊಡುವ ಗುತ್ತಿಗೆಯಾದ್ದರಿಂದ ಅವನು ಕಬ್ಬಿಣಕ್ಕೆ ಜಿಪುಣತನ ತೋರಿಸಲಿಲ್ಲ. ಒಂದೊಂದೂ ಹದಿನಾಲ್ಕು ಕಿಲೋ ತೂಗಿತು. ಅದರ ಮೂರು ಕಾಲುಗಳ ನಡುವೆ ಚಕ್ರ ಹಿಡಿಸಲಿಲ್ಲ.

“ಸಾರ್, ಬಿಡಿಭಾಗ ವಾಹನಕ್ಕೆ ಅಡ್ಡ ಬರ್ತಿದೆ,” ಎಂದ ಗುಮಾಸ್ತ.

“ತೆಗೀರಿ ಮತ್ತೆ.”

ಫಿಟ್ಟರನಿಗೆ ತಡೆಯಲಾಗಲಿಲ್ಲ. “ಸಾರ್, ಚಕ್ರ ತೆಗೆದ್ರೆ ಓಡೋದು ಹೇಗೆ?”

ಸಾಹೇಬರು ಕನ್ನಡಕ ಇಳಿಸಿ, ಮಗುವಿಗೆ ಕೇಳುವಂತೆ ಕೇಳಿದರು: “ನೀನು ಸ್ಟ್ಯಾಂಡ್ ಮಾಡಿದ್ದು ಓಡೋಕಾ, ನಿಲ್ಲೋಕಾ?”

“ನಿಲ್ಲೋಕೇ ಸಾರ್.”

“ಮತ್ತೆ?”

ಫಿಟ್ಟರ್ ಡ್ರಾಯರಿನ ಕಡೆ ನೋಡಿದ; ತಂಗಿಯ ಫೈಲು ಅದರೊಳಗಿತ್ತು. ಹನ್ನೊಂದು ಚಕ್ರಗಳನ್ನು ಸಾಬೂನು, ಪೊರಕೆ, ಶಾಯಿಗಳ ಜೊತೆ ‘ಬಳಸಿ ಮುಗಿಯುವ ಸಾಮಾನು’ ಎಂದು ಸೇರಿಸಿದರು. ತಿಂಗಳ ಕೊನೆಗೆ ಅವು ನಿಯಮಾನುಸಾರ ಮುಗಿದವು. ಆಮೇಲೆ ಸಾಹೇಬರ ಅಳಿಯ ಉದ್ಯಾನದಲ್ಲಿ, ಗುಮಾಸ್ತನ ಮಗ ಶಾಲೆಯ ರಸ್ತೆಯಲ್ಲಿ, ಯಾವುದೋ ಒಂದೇ ಚಕ್ರದ ಮೇಲೆ ಜುಮ್ಮನೆ ಹೋಗುವುದನ್ನು ಊರೇ ನೋಡಿತು. ಮುಗಿದುಹೋದ ಸಾಮಾನಾದ್ದರಿಂದ ಅದಕ್ಕೂ ಇಲಾಖೆಗೂ ಸಂಬಂಧವಿರಲಿಲ್ಲ. ಅಳಿಯನ ಕಣಕಾಲಿಗೆ ಕಂಬಳಿಯ ಮೆತ್ತೆ ಒರಗಿದ್ದನ್ನು ಫಿಟ್ಟರ್ ಕಣ್ಣಾರೆ ಕಂಡ. ಥೂ ಎಂದು ಉಗಿದು, ಸುತ್ತ ಯಾರಾದರೂ ನೋಡಿದರೇನೋ ಎಂದು ಹೆದರಿ, ಕಾಲಲ್ಲಿ ಮಣ್ಣು ಮುಚ್ಚಿದ.

ಕೊನೆಯ ಸಭೆಯಲ್ಲಿ ಅವನ ಮುಂದೆ ಒಂದು ಕಾಗದ ಇಟ್ಟರು. ‘ಈ ಸುಧಾರಿತ ವಾಹನವು ನನ್ನದೇ ಆವಿಷ್ಕಾರ’ ಎಂದು ಸಹಿ ಮಾಡಿದರೆ ನೋಟೀಸು ರದ್ದು, ನಲವತ್ತು ತಡಗಳೂ ರದ್ದು, ಮೇಲಾಗಿ ಶಾಲು. ಇಲ್ಲವಾದರೆ ಡ್ರಾಯರು ತೆಗೆಯುತ್ತಾರೆ. ಕಿಟಕಿಯಾಚೆ ತಂಗಿ ಅಂಗಳದ ಗೋಡೆಗೆ ಒರಗಿ ಒಂದು ಕಾಲು ಎತ್ತಿಟ್ಟು ನಿಂತಿದ್ದಳು. ಅವನು ಸಹಿ ಮಾಡಿದ. ಶಾಲು ಹೊದಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಅದೇ ಸಂಜೆ ಸುತ್ತೋಲೆ ಬಂತು: ‘ತಪಾಸಕರು ಬೆಟ್ಟ ಸುತ್ತುವಾಗ ವಾಹನವು ಸದಾ ಜೊತೆಯಲ್ಲಿರತಕ್ಕದ್ದು. ನೆಲದ ಮೇಲೆ ಎಳೆದೊಯ್ದಲ್ಲಿ ವಾಹನ ಸವೆಯುವುದರಿಂದ ಎತ್ತಿಕೊಂಡೇ ಹೋಗತಕ್ಕದ್ದು.’

ಮೊದಲ ದಿನ ತಂಗಿ ಹದಿನಾಲ್ಕು ಕಿಲೋ ಹೊತ್ತು ಹೋಗಿ, ಬೀದಿದೀಪ ಹತ್ತಿದ ಮೇಲೆ ಕುಂಟುತ್ತ ಬಂದಳು. ಮುಗಿಯಿತು ಕತೆ ಎಂದುಕೊಂಡ ಫಿಟ್ಟರ್. ಗುಮಾಸ್ತ ವಹಿ ತೆಗೆದು ನೆಮ್ಮದಿಯಾಗಿ ‘ಸಕಾಲ’ ಎಂದು ಬರೆದ.

“ಅದು ಹೇಗೆ?” ಎಂದು ಫಿಟ್ಟರನೇ ಕೇಳಿಬಿಟ್ಟ.

“ವಾಹನ ಇದ್ದೂ ತಡ ಆದ್ರೆ ಅದು ವಾಹನದ ದೋಷ ಕಣಯ್ಯ. ಈ ವಾಹನದಲ್ಲಿ ದೋಷವೇ ಇಲ್ಲ ಅಂತ ಉಪಸಮಿತಿ ಬರೆದುಕೊಟ್ಟಿದೆ. ಆದ್ದರಿಂದ ತಡ ಆಗಿಲ್ಲ,” ಎಂದು ಗುಮಾಸ್ತ ವಹಿ ಮುಚ್ಚಿದ.

ಅಂಗಳಕ್ಕೆ ಬಂದ ಫಿಟ್ಟರನ ಮೈಯೆಲ್ಲ ಉರಿಯುತ್ತಿತ್ತು. “ನಾಳೆ ಬೆಳಿಗ್ಗೆನೇ ಮೇಲಿನ ಕಚೇರಿಗೆ ಹೋಗ್ತೀನಿ. ಈ ಕಳ್ಳರ ಬಂಡವಾಳ ಬಯಲು ಮಾಡ್ತೀನಿ. ಚಕ್ರ ವಾಪಸ್ ತರಿಸ್ತೀನಿ, ನೋಡ್ತಿರು!”

ತಂಗಿ ಗಾಬರಿಯಿಂದ ಅವನ ತೋಳು ಹಿಡಿದಳು. “ನಿನಗೆ ಕೈ ಮುಗೀತೀನಿ ಅಣ್ಣ, ಸರಿ ಮಾಡೋಕೆ ಹೋಗ್ಬೇಡ. ಇದು ಹೆಗಲ ಮೇಲಿರೋ ತನಕ ನನಗೆ ತಡ ಅನ್ನೋದೇ ಇಲ್ಲ. ಎಲ್ಲ ಸರಿ ಹೋದ್ರೆ ಮತ್ತೆ ಹೊತ್ತು ನೋಡ್ತಾರೆ. ಮೊಣಕಾಲು ಹೋದ್ರೆ ಹೋಗ್ಲಿ, ಕೆಲಸ ಇರ್ಲಿ. ನಿನ್ನ ಕೈಲಾದ್ರೆ ಇದನ್ನ ಹೊರೋಕೆ ಒಂದು ಪಟ್ಟಿ ಮಾಡಿಕೊಡು, ಸಾಕು.”

ಮಾರನೇ ಬೆಳಿಗ್ಗೆ ಅವನು ಕ್ಯಾನ್ವಾಸಿನ ಪಟ್ಟಿ ಕತ್ತರಿಸಲು ಕೂತಾಗ ಕಾರ್ಯಾಗಾರದ ಬಾಗಿಲಲ್ಲಿ ತಂಗಿಯ ಹಿಂದೆ ಉಳಿದ ಹತ್ತು ತಪಾಸಕರೂ ತಮ್ಮತಮ್ಮ ವಾಹನ ಹೊತ್ತು ಸಾಲಾಗಿ ನಿಂತಿದ್ದರು. ತಮಗೂ ಅಂಥದ್ದೇ ಬೇಕಂತೆ. ಚಕ್ರದ ಮಾತನ್ನು ಒಬ್ಬರೂ ಎತ್ತಲಿಲ್ಲ. ಮೇಲಿನ ಕಿಟಕಿಯಿಂದ ಸಾಹೇಬರು ಈ ಶಿಸ್ತನ್ನು ನೋಡಿ ತಲೆದೂಗಿದರು.

ಫಿಟ್ಟರ್ ಅಳತೆ ಪಟ್ಟಿ ಬಿಚ್ಚಿ ತಂಗಿಯನ್ನು ಕೇಳಿದ: “ಎಡ ಹೆಗಲಾ, ಬಲ ಹೆಗಲಾ?”

“ಎಡ,” ಎಂದಳು. “ಬಲಗೈಲಿ ಊರುಗೋಲು ಹಿಡೀಬೇಕಲ್ಲ.”

ಅವನು ‘ಎಡ’ ಎಂದು ಬರೆದುಕೊಂಡು, ಮುಂದಿನವರನ್ನು ಕರೆದ.