ಕ್ಲಚ್ಚು ಹಿಡಿದ ಕೈಗೆ ಹೆಣ್ಣು ಕೊಟ್ಟವರು

ಊಹಿಸಿ ನೋಡೋಣ. ಹುಡುಗಿ ನೋಡಲು ಹೋದ ಹುಡುಗನೊಬ್ಬ, ಬಿ.ಎಸ್ಸಿ. ಪಾಸಾದವನು, ಮೈಕೈ ಗಟ್ಟಿ ಇರುವವನು, ಪೂರ್ತಿ ಒಂದು ಗಂಟೆ ಎಡಗೈಯನ್ನು ಪ್ಯಾಂಟಿನ ಜೇಬಿನಿಂದ ಹೊರಗೆ ತೆಗೆಯಲಿಲ್ಲ. ಯಾಕೆ? ಜೇಬಿನಲ್ಲಿ ಉಂಗುರ ಬಚ್ಚಿಟ್ಟಿದ್ದ ಅಂತೀರಾ? ಇಲ್ಲ. ಆರು ಬೆರಳಿದ್ದವು? ಅದೂ ಅಲ್ಲ. ಬರೀ ಸ್ಟೈಲು? ನನ್ನ ಮುಖ ನೋಡಿದ್ದರೆ ಹಾಗೆ ಕೇಳುತ್ತಿರಲಿಲ್ಲ. ಏಕೆಂದರೆ ಹುಡುಗ ನಾನೇ. ಕಾರಣ, ಮೋಟಾರ್ ಸೈಕಲ್ಲಿನ ಕ್ಲಚ್ಚು.

ಇಂಥ ಸಂಗತಿಗಳು ಬೇರೆಯವರಿಗೆ ವರ್ಷಕ್ಕೊಂದು ಆಗುತ್ತವಂತೆ. ನನಗೆ ವಾರಕ್ಕೊಂದು ಆಗುತ್ತಿದ್ದವು. ಆಗ ಅತ್ತಿದ್ದೆ, ಈಗ ಪೆನ್ಶನ್ ತೆಗೆದುಕೊಂಡು ಕೂತು ನಗುತ್ತಿದ್ದೇನೆ. ಕೇಳುವವರು ಸಿಕ್ಕರೆ ಇನ್ನೂ ಸಂತೋಷ.

ಕಂಪನಿ ಕೊಟ್ಟ ಗಾಡಿ

ಧಾರವಾಡದಲ್ಲಿ ಡಿಗ್ರಿ ಮುಗಿಸಿ, ಅರವತ್ತೆಂಟರಲ್ಲಿ ಮುಂಬಯಿಗೆ ಬಂದೆ. ಬೈಕುಲ್ಲಾದ ಸಾಲುಮನೆಗಳ ಚಾಳಿನಲ್ಲಿ ಒಂದು ಖೋಲಿ, ಬಿಸ್ಕತ್ತಿನ ಕಂಪನಿಯೊಂದರಲ್ಲಿ ಸೇಲ್ಸ್ ಇನ್ಸ್‌ಪೆಕ್ಟರ್ ಕೆಲಸ. ಬೈಕುಲ್ಲಾದಿಂದ ಮುಲುಂಡಿನ ತನಕ ಅಂಗಡಿ ಅಂಗಡಿ ತಿರುಗಿ, "ನಮ್ಮ ಡಬ್ಬಿ ಯಾಕೆ ಹಿಂದಿನ ಸಾಲಿನಲ್ಲಿ ಇಟ್ಟಿದ್ದೀರಿ?" ಎಂದು ಕೇಳುವುದು, ಅಂಗಡಿಯವನು "ಮುಂದಿಟ್ಟರೂ ಯಾರೂ ಕೊಳ್ಳೋದಿಲ್ಲ" ಎಂದು ಹೇಳುವುದು. ಇದಕ್ಕೆ ಇನ್‌ಸ್ಪೆಕ್ಷನ್ ಎಂದು ಹೆಸರು.

ಮೂರು ವರ್ಷ ಲೋಕಲ್ ರೈಲಿನಲ್ಲಿ ಜೋತಾಡಿದ ಮೇಲೆ ಎಪ್ಪತ್ತೊಂದರಲ್ಲಿ ಕಂಪನಿಗೆ ಕರುಣೆ ಹುಟ್ಟಿ ಒಂದು ಮೋಟಾರ್ ಸೈಕಲ್ ಕೊಟ್ಟಿತು. ಹೊಸದಲ್ಲ, ನನಗಿಂತ ಮೊದಲು ಮೂವರ ಕೈ ತಿಂದದ್ದು. ಮ್ಯಾನೇಜರ್ ಸಾಹೇಬರು ಕೀಲಿ ಕೈಗಿಟ್ಟು, "ಇನ್ನು ನೀವು ಹಕ್ಕಿಯ ಹಾಗೆ ಹಾರಬಹುದು" ಅಂದರು.

ಆಗ್ರಾ ರೋಡಿನಲ್ಲಿ ನಾನು ಹಾರಿದ ರೀತಿ ಹೀಗೆ: ಮುಂದೆ ಡಬಲ್ ಡೆಕ್ಕರ್ ಬಸ್ಸು, ಎಡಕ್ಕೆ ಕೈಗಾಡಿ, ಬಲಕ್ಕೆ ಲಾರಿ, ಹಿಂದೆ ಹಾರ್ನಿನ ಮೇಲೆ ಕೂತೇಬಿಟ್ಟ ಟ್ಯಾಕ್ಸಿ. ಎರಡು ಅಡಿ ಮುಂದೆ, ನಿಲುಗಡೆ. ಮತ್ತೆ ಎರಡು ಅಡಿ, ಮತ್ತೆ ನಿಲುಗಡೆ. ಪ್ರತಿ ಸಲವೂ ಕ್ಲಚ್ಚು ಹಿಡಿ, ಬಿಡು, ಹಿಡಿ. ಆ ಲಿವರ್ರೋ, ಹಿಂಡಿದರೆ ಹಿಂಡಿಸಿಕೊಳ್ಳುವ ಜಾತಿಯದಲ್ಲ. ಸಾಯನ್ ದಾಟುವಷ್ಟರಲ್ಲಿ ಅಂಗೈ ಉರಿ. ಕುರ್ಲಾದಲ್ಲಿ ಮಣಿಕಟ್ಟು ನೋವು. ಘಾಟ್ಕೋಪರಿಗೆ ಬಂದಾಗ ಬೆರಳುಗಳು ನನ್ನವೋ ಪಕ್ಕದ ಲಾರಿಯವನವೋ ತಿಳಿಯುತ್ತಿರಲಿಲ್ಲ.

ತಡೆಯಲಾರದೆ ಒಂದು ದಿನ ಮ್ಯಾನೇಜರ್ ಎದುರು ನಿಂತೆ. ಅವರು ಬಹಳ ಮರುಕದಿಂದ ಕೇಳಿದರು:

"ಯಾವ ಕೈ?"

"ಎಡಗೈ, ಸರ್."

"ಆರ್ಡರ್ ಬರೆಯೋದು ಯಾವ ಕೈಲಿ?"

"ಬಲಗೈಲಿ, ಸರ್."

"ಮತ್ತೆ ಕಂಪನಿಗೇನು ತೊಂದರೆ?"

ಎಣ್ಣೆಯ ಮಹಿಮೆ

ನಾನು ಊಟ ಮಾಡುತ್ತಿದ್ದದ್ದು ಬೈಕುಲ್ಲಾದ ಒಂದು ಉಡುಪಿ ಹೋಟೆಲಿನಲ್ಲಿ. ಅದರ ಮಾಲಕರು ಗಲ್ಲಾದ ಮೇಲೆ ಕೂತಲ್ಲಿಂದಲೇ ಗಿರಾಕಿಗಳ ರೋಗ ಕಂಡುಹಿಡಿಯುತ್ತಿದ್ದರು. ಎರಡೂ ಕೈಯಲ್ಲಿ ನೀರಿನ ಲೋಟ ಹಿಡಿದ ನನ್ನನ್ನು ಕಂಡು ಕೂಗಿದರು:

"ಎಂತ ಆಯ್ತು ಮಾರಾಯ್ರೆ ಕೈಗೆ?"

ಹೇಳಿದೆ.

"ಅಷ್ಟೆಯಾ! ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕಿ. ನಮ್ಮಲ್ಲಿ ಹಿಟ್ಟು ರುಬ್ಬುವವನಿಗೂ ಹೀಗೆಯೇ ಇತ್ತು. ಈಗ ನೋವು ಅಂತ ಒಂದು ಶಬ್ದ ಇಲ್ಲ."

ತಿಕ್ಕಿದೆ. ಬೆಳಿಗ್ಗೆ, ಸಂಜೆ, ಎರಡು ತಿಂಗಳು ತಿಕ್ಕಿದೆ. ನೋವು ಇದ್ದಲ್ಲೇ ಇತ್ತು. ಎಣ್ಣೆ ಮಾತ್ರ ಎಲ್ಲ ಕಡೆ ಹೋಯಿತು. ನನ್ನ ಆರ್ಡರ್ ಪುಸ್ತಕದ ಹಾಳೆಗಳು ಹಪ್ಪಳದ ಹಾಗೆ ಆಗಿ, ಸೋಮವಾರದ ಆರ್ಡರಿನ ಮೂಲಕ ಮಂಗಳವಾರದ ಆರ್ಡರು ಕಾಣುತ್ತಿತ್ತು. ಕೊನೆಗೆ ಮಾಲಕರನ್ನೇ ಕೇಳಿದೆ, "ಆ ರುಬ್ಬುವವನನ್ನು ಒಮ್ಮೆ ಕರೆಯಿರಿ, ಹೇಗೆ ತಿಕ್ಕುತ್ತಿದ್ದ ಅಂತ ಕೇಳಬೇಕು."

"ಅವನು ಎಲ್ಲಿದ್ದಾನೆ ಈಗ? ಊರಿಗೆ ಹೋದ. ರುಬ್ಬಲಿಕ್ಕೆ ಮೆಷಿನ್ ಬಂತಲ್ಲ!"

ಅಲ್ಲಿಂದ ಸೀದಾ ಹಿಂದಿನ ಗಲ್ಲಿಯ ಮುದುಕ ಮಿಸ್ತ್ರಿಯ ಗ್ಯಾರೇಜಿಗೆ ಹೋದೆ. ಅವನು ಎರಡು ಬೆರಳಿನಲ್ಲಿ ಕ್ಲಚ್ಚು ಒತ್ತಿ ನೋಡಿ ಮುಖ ಕಿವುಚಿದ. ಆಮೇಲೆ ನನ್ನ ಅಂಗೈ ಹಿಡಿದು ಮೂಸಿ ನೋಡಿದ.

"ಸಾಬ್, ಹಾಥ್ ಕೊ ತೇಲ್ ಲಗಾತೇ ಹೋ?"

"ಹೌದು, ಎರಡು ತಿಂಗಳಿಂದ ಕೈಗೆ ಎಣ್ಣೆ ತಿಕ್ಕುತ್ತಿದ್ದೇನೆ," ಎಂದೆ ನನ್ನ ಧಾರವಾಡದ ಹಿಂದಿಯಲ್ಲಿ.

"ಔರ್ ಕೇಬಲ್ ಕೊ?"

ಕೇಬಲ್ಲಿಗೆ ಎಣ್ಣೆ ಬೇಕೆಂದು ನನಗೆ ಯಾರು ಹೇಳಿದ್ದರು? ಅವನು ಕ್ಲಚ್ಚಿನ ತಂತಿಯನ್ನು ಕವಚದ ಸಮೇತ ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕಿದ. ನಮ್ಮ ಕಂಪನಿಯ ಜಾಹೀರಾತಿನ ಕಾಗದವನ್ನೇ ಆಲಿಕೆಯಂತೆ ಸುತ್ತಿ, ಮೇಲಿನ ತುದಿಗೆ ಕಟ್ಟಿ, ಎಣ್ಣೆ ಬಿಟ್ಟ. ಅದು ಕೆಳಗಿನ ತುದಿಯಿಂದ ಕರ್ರಗೆ ತೊಟ್ಟಿಕ್ಕಲು ಒಂದು ಚಹಾ ಮತ್ತು ಎರಡು ಬೀಡಿಯಷ್ಟು ಹೊತ್ತು ಹಿಡಿಯಿತು. ಪೆಟ್ರೋಲ್ ಟ್ಯಾಂಕಿನ ಕೆಳಗೆ ತಂತಿ ಸೊಟ್ಟಗೆ ಸಿಕ್ಕಿಕೊಂಡಿತ್ತು, ಅದನ್ನು ನೇರ ಮಾಡಿದ. ಮಣಿಕಟ್ಟು ಬಾಗದಂತೆ ಲಿವರನ್ನು ತುಸು ಕೆಳಕ್ಕೆ ತಿರುಗಿಸಿದ. ಒತ್ತಿ ನೋಡಿದೆ. ಅರ್ಧಕ್ಕರ್ಧ ಹಗುರ! ಕಂಪನಿಯ ಜಾಹೀರಾತು ಒಬ್ಬರಿಗಾದರೂ ಉಪಯೋಗಕ್ಕೆ ಬಂದದ್ದು ನನಗೆ ತಿಳಿದಂತೆ ಅದೊಂದೇ ಸಲ.

ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ: "ಸಾಹೇಬರೇ, ಕಾಯಿಲೆ ಗಾಡಿಗೆ, ಔಷಧಿ ನಿಮಗೆ. ಇನ್ನು ನಿಮಗೆ ನೆಗಡಿ ಆದರೆ ದಯವಿಟ್ಟು ಗಾಡಿಗೆ ಕಷಾಯ ಕುಡಿಸಬೇಡಿ."

ಕೈ ತೋರಿಸುವ ಶಾಸ್ತ್ರ

ಉಳಿದ ಅರ್ಧ ನೋವು ನನ್ನದೇ ಕೃಪೆ. ನಿಂತಲ್ಲೆಲ್ಲ ಗಾಡಿಯನ್ನು ಗೇರಿನಲ್ಲೇ ಇಟ್ಟು ಕ್ಲಚ್ಚು ಹಿಡಿದುಕೊಂಡೇ ಕೂರುತ್ತಿದ್ದೆ. ನ್ಯೂಟ್ರಲ್ ಹುಡುಕುವುದರೊಳಗೆ ದಾರಿ ಬಿಟ್ಟರೆ? ಹಿಂದಿನ ಟ್ಯಾಕ್ಸಿಯವನು ನನ್ನ ಮನೆತನವನ್ನೆಲ್ಲ ನೆನೆಸಿದರೆ? ಆ ಭಯಕ್ಕೆ.

ಇಂಥ ಹೊತ್ತಿಗೆ ಮುಲುಂಡಿನ ಸಂಬಂಧ ಕೂಡಿಬಂತು. ಹುಡುಗಿಯನ್ನು ನಾನು ಮೊದಲೇ ಕನ್ನಡ ಸಂಘದ ನಾಟಕದಲ್ಲಿ ನೋಡಿದ್ದೆ. ಪಾತ್ರ ಮಾಡಿರಲಿಲ್ಲ, ಪರದೆಯ ಮರೆಯಲ್ಲಿ ನಿಂತು ಮಾತು ಮರೆತವರಿಗೆಲ್ಲ ಮಾತು ಎತ್ತಿಕೊಡುತ್ತಿದ್ದಳು. ರಾಜನಿಗೂ ಅವಳೇ, ಮಂತ್ರಿಗೂ ಅವಳೇ. ಆವತ್ತೇ ನಿಶ್ಚಯಿಸಿದ್ದೆ, ಮದುವೆಯಾದರೆ ಇವಳನ್ನೇ ಆಗಬೇಕು. ಅವಳ ಅಪ್ಪ ಗದಗಿನ ಕಡೆಯವರು, ಲೋಕಲ್ ರೈಲು ಓಡಿಸುವ ಮೋಟರ್‌ಮನ್. ಅವರು ಒಪ್ಪಬೇಕು, ಅಷ್ಟೇ ಬಾಕಿ.

ಹುಡುಗಿ ನೋಡಲು ಹೊರಟ ಶನಿವಾರ ಸಂಜೆ ನಮ್ಮ ಸೋದರಮಾವ ಜಾಣರಾಗಿ ಲೋಕಲ್ಲಿನಲ್ಲಿ ಬಂದರು. ನಾನು ಗಾಡಿ ಇರುವ ಹುಡುಗ ಎಂದು ತೋರಿಸಲು ಗಾಡಿಯಲ್ಲೇ ಹೋದೆ. ಭಾಂಡುಪಿನ ಹತ್ತಿರ ಲಾರಿಯೊಂದು ಅಡ್ಡ ನಿಂತಿತ್ತು. ಎರಡು ಗಂಟೆ ಹಿಡಿ, ಬಿಡು, ಹಿಡಿ. ಮುಲುಂಡಿನಲ್ಲಿ ಇಳಿದಾಗ ಎಡಗೈ ಕಾಣದ ಲಿವರೊಂದನ್ನು ಹಿಡಿದ ಹಾಗೆ ಬಾಗಿ ನಿಂತಿತ್ತು, ಬಿಚ್ಚಲು ಬಾರದು. ಜೇಬಿಗೆ ತುರುಕಿದೆ.

ಒಂದು ಗಂಟೆ ಚೆನ್ನಾಗಿಯೇ ನಡೆಯಿತು. ಕೊನೆಗೆ ಹುಡುಗಿಯ ಅಜ್ಜಿ ಹಣ್ಣು ಕಾಯಿಯ ತಟ್ಟೆ ಚಾಚಿದರು. ನಾನು ಬಲಗೈ ಒಂದನ್ನೇ ಒಡ್ಡಿದೆ. ಅಜ್ಜಿ ತಟ್ಟೆ ಹಿಂದೆಳೆದುಕೊಂಡರು.

"ಎರಡೂ ಕೈಲೆ ತಗೋಬೇಕಪಾ. ಇನ್ನೊಂದು ಕೈ ಊರಾಗ ಬಿಟ್ಟ ಬಂದೀಯೇನ?"

ತೆಗೆದೆ. ತಟ್ಟೆ ಆ ಕೊಕ್ಕೆಯಂಥ ಕೈಯಲ್ಲಿ ಕೂರದೆ ವಾಲಿತು. ಮೋಸಂಬಿಗಳು ಸೋಫಾದ ಕೆಳಗೆ ಹೋದವು. ಅಜ್ಜಿ ಪಿಸುಗುಟ್ಟಿದರು, ಇಡೀ ಬಿಲ್ಡಿಂಗಿಗೆ ಕೇಳುವಷ್ಟು ಮೆಲ್ಲಗೆ: "ಲಕ್ವಾ ಹೊಡದದ ನೋಡು."

"ಲಕ್ವಾ ಅಲ್ರೀ, ಕ್ಲಚ್ಚು!" ಎಂದು ನಾನು ಗಾಡಿಯ ಶಾಸ್ತ್ರವನ್ನೆಲ್ಲ ವಿವರಿಸಿದೆ. ಎಲ್ಲ ಕೇಳಿದ ಮೇಲೆ ಅಡಿಗೆಮನೆಯ ಬಾಗಿಲಿನಿಂದ ಹುಡುಗಿಯ ದನಿ ಬಂತು:

"ಅಪ್ಪಾ, ಗಾಡಿ ನಿಂತಾಗೂ ಯಾಕ ಹಿಡಕೊಂಡ ಕೂಡತಾರಂತ ಕೇಳು. ಬಿಟ್ರ ಓಡಿ ಹೋಗತದೇನ?"

ಮೂರು ವರ್ಷ ಫಿಸಿಕ್ಸ್ ಓದಿದ ನಾನು ಬಗ್ಗಿ ಸೋಫಾದ ಕೆಳಗಿನ ಮೋಸಂಬಿ ಹುಡುಕತೊಡಗಿದೆ. ಆ ಸೋಮವಾರದಿಂದ ನಿಂತಲ್ಲೆಲ್ಲ ನ್ಯೂಟ್ರಲ್ ಮಾಡಲು ಕಲಿತೆ. ಟ್ಯಾಕ್ಸಿಯವನು ಬೈದರೆ ಬೈಯಲಿ.

ಆದರೆ ಅವಳ ಅಪ್ಪ ಮೀಸೆ ತೀಡುತ್ತ ತೀರ್ಪು ಕೊಟ್ಟಿದ್ದರು: "ಹುಡುಗ ಶಾಣ್ಯಾ ಇದ್ದಾನ. ಆದ್ರ ಕೈ ಪಾಸಾಗಿಲ್ಲ. ಒಂದಿನ ನಾನ ಹಿಂದ ಕೂತು ನೋಡತೀನಿ, ಆಮ್ಯಾಲ ಮಾತು."

ಹುಡುಗಿ ನೋಡಲು ಹೋದವನು ಕೈ ತೋರಿಸಿ ಬಂದೆ.

ಮೋಟರ್‌ಮನ್ ಪರೀಕ್ಷೆ

ಆ ದಿನವೂ ಬಂತು. ಒಂದು ಸಂಜೆ ಬೈಕುಲ್ಲಾ ಸ್ಟೇಷನ್ನಿನ ಹೊರಗೆ ಹುಡುಗಿಯ ಅಪ್ಪ ನಿಂತಿದ್ದರು. ಕಂಕುಳಲ್ಲಿ ಒಂದು ಬಟ್ಟೆಯ ಚೀಲ. ಹಿಂದೆ ಕೂತು, "ನಡೀರಿ ಮುಲುಂಡಿಗೆ" ಅಂದರು. ದಾರಿಯುದ್ದಕ್ಕೂ ಹೆಗಲ ಮೇಲಿಂದ ಬಗ್ಗಿ ನನ್ನ ಎಡಗೈಯನ್ನೇ ನೋಡುತ್ತಿದ್ದರು. ಕುರ್ಲಾದ ತನಕ ಕೈ ನಡುಗಲಿಲ್ಲ, ಗಾಡಿ ಎಗರಲಿಲ್ಲ. ಪಾಸಾಗುತ್ತೇನೆ ಎಂದು ಖುಷಿಯಿಂದ ಬೆರಳನ್ನು ಒಮ್ಮೆ ಅಲ್ಲಾಡಿಸಿದೆ. ಅಷ್ಟೇ.

"ಸೋತಿತಲ್ಲ ಕೈ!" ಎಂದರು ಹಿಂದಿನಿಂದ.

"ಇಲ್ರೀ, ಸುಮ್ನ ಅಲ್ಲಾಡಿಸಿದೆ."

"ಸುಮ್ನ ಯಾಕ ಅಲ್ಲಾಡಸತೀರಿ? ನಮ್ಮ ಲೋಕಲ್‌ನ್ಯಾಗ ಹ್ಯಾಂಡಲ್ ಮ್ಯಾಲ ಕೈ ಒತ್ತಿ ಹಿಡದರ ಗಾಡಿ ನಡೀತದ. ಮೋಟರ್‌ಮನ್‌ಗ ಎದಿ ಒಡದು ಕೈ ಬಿಟ್ಟಾ ಅಂದ್ರ ಗಾಡಿ ತಾನ ನಿಂದರತದ. ವಿ.ಟಿ.ಯಿಂದ ಕಲ್ಯಾಣ ತನಕ ನಾ ಎಂದೂ ಬಿಟ್ಟಿಲ್ಲ. ನೀವು ಇಷ್ಟುದ್ದದ ಸಳಿ ಹಿಡಿಯಾಕ ಅಳತೀರಿ. ತೆಗೀರಿ ಕೈ."

"ಮಾವನವರ, ಬ್ಯಾಡ್ರಿ..."

"ಇನ್ನೂ ಮಾವ ಆಗಿಲ್ಲ ನಾ. ತೆಗೀರಿ."

ತೆಗೆದೆ. ಹೆಣ್ಣು ಕೊಡಬೇಕಾದವರ ಎದುರು ವಾದ ಮಾಡಿದವರು ಬ್ರಹ್ಮಚಾರಿಗಳಾಗಿಯೇ ಉಳಿದಿದ್ದಾರೆ. ಅವರು ಹಿಂದಿನಿಂದ ನನ್ನ ಸೊಂಟ ಬಳಸಿ ಎಡಗೈ ಚಾಚಿ ಕ್ಲಚ್ಚು ಹಿಡಿದರು. ಹ್ಯಾಂಡಲು, ಗೇರು, ಬ್ರೇಕು ನನ್ನದು, ಕ್ಲಚ್ಚು ಅವರದು. ನಾನು "ಹಿಡೀರಿ" ಅಂದರೆ ಹಿಡಿಯಬೇಕು, "ಬಿಡ್ರಿ" ಅಂದರೆ ಮೆಲ್ಲಗೆ ಬಿಡಬೇಕು. ಬಸ್ಸಿನ ಮೇಲಂತಸ್ತಿನ ಜನವೆಲ್ಲ ಕಿಟಕಿಗೆ ಬಂದರು. ಮೀಸೆಯ ಮುದುಕರೊಬ್ಬರು ತರುಣನೊಬ್ಬನನ್ನು ಹಾಗೆ ಅಪ್ಪಿಕೊಂಡು ಹೋಗುವುದನ್ನು ಅವರೇನು ದಿನಾ ನೋಡುತ್ತಿದ್ದರೆ?

ಆಶ್ಚರ್ಯವೆಂದರೆ, ಗಾಡಿ ಬೆಣ್ಣೆಯ ಹಾಗೆ ಸಾಗಿತು. ಅವರು ರೈಲಿನ ಅಭ್ಯಾಸದಂತೆ ಕಂಡದ್ದನ್ನೆಲ್ಲ ಕೂಗಿ ಹೇಳುತ್ತಿದ್ದರು: "ಮುಂದ ಬಸ್ಸು! ಎಡಕ ಮುದುಕಿ! ದಾರಿ ಕ್ಲಿಯರ್!" ನನ್ನ ಎಡಗೈ ತೊಡೆಯ ಮೇಲೆ ಜಮೀನ್ದಾರನ ಹಾಗೆ ಕೂತಿತ್ತು. ನೋವು ಹೋಗಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಇಂದಿಗೂ ಕಂಡಿಲ್ಲ. ಹಿಂದೆ ಒಬ್ಬ ಮೋಟರ್‌ಮನ್ ಬೇಕು, ಅಷ್ಟೇ.

ಘಾಟ್ಕೋಪರಿನಲ್ಲಿ ನಮ್ಮ ಮುಂದೆ ಒಂದು ಕೈಗಾಡಿ, ಅದರ ಮೇಲೆ ಆಳೆತ್ತರ ಹತ್ತಿಯ ಗಾದಿಗಳು. ಅದು ನಿಂತರೆ ನಾವೂ ನಿಂತು, ಅದು ಹೊರಟರೆ ನಾವೂ ಹೊರಟು ಹೋಗುತ್ತಿದ್ದೆವು. ಒಂದು ಸಲ ಅದು ಹೊರಟಿತು. ನಾನು ಆಕ್ಸಿಲರೇಟರ್ ತಿರುವಿದೆ. ಅವರು ಕ್ಲಚ್ಚನ್ನು ಅರ್ಧ ಬಿಡುವಷ್ಟರಲ್ಲಿ ಅದು ಗಕ್ಕನೆ ನಿಂತಿತು.

ಆ ಗಳಿಗೆಯಲ್ಲಿ ಯಾವ ಮೋಟಾರ್ ಸೈಕಲ್ಲಿನವನಾದರೂ ಕ್ಲಚ್ಚನ್ನು ಬಿಗಿಯಾಗಿ ಹಿಡಿಯುತ್ತಾನೆ. ಆದರೆ ಕ್ಲಚ್ಚು ಇದ್ದದ್ದು ಮೋಟರ್‌ಮನ್ ಕೈಯಲ್ಲಿ. ಗಾಡಿ ನಿಲ್ಲಿಸಲು ಅವರು ಇಷ್ಟು ವರ್ಷ ಕಲಿತದ್ದನ್ನೇ ಮಾಡಿದರು. ಕೈ ಪೂರ್ತಿ ಬಿಟ್ಟುಬಿಟ್ಟರು.

ಗಾಡಿ ನಿಲ್ಲಲಿಲ್ಲ. ಹನುಮಂತನ ಹಾಗೆ ನೆಗೆಯಿತು. ಮುಂದಿನ ಚಕ್ರ ಕೈಗಾಡಿಯ ಕೆಳಗೆ, ನಾನು ಕೆಳಗಿನ ಗಾದಿಯ ಮೇಲೆ, ಅವರು ಮೇಲಿನ ಗಾದಿಯ ಮೇಲೆ. ಯಾರಿಗೂ ಒಂದು ತರಚು ಗಾಯವಿಲ್ಲ. ಅವರು ಮಲಗಿದಲ್ಲಿಂದಲೇ ಗುಡುಗಿದರು:

"ಕೈ ಬಿಟ್ಟೆನಲ್ಲ! ಯಾಕ ನಿಂದರಲಿಲ್ಲ ಇದು?"

ಜನ ಸೇರಿತು. ಗಾದಿಯವನು ಬೈಯುತ್ತಾನೆ ಎಂದು ನಾನು ಕಣ್ಣು ಮುಚ್ಚಿದೆ. ಅವನು ನಮ್ಮಿಬ್ಬರನ್ನೂ ನಿಧಾನವಾಗಿ ನೋಡಿ, ಮರಾಠಿಯಲ್ಲಿ ವಿನಯದಿಂದ ಕೇಳಿದ:

"ಪಸಂತ ಪಡಲೀ ಕಾ? ಲಗ್ನಾಸಾಠೀ ಪಾಹಿಜೇ ಕಾ?"

ಹಿಡಿಸಿತೇ, ಮದುವೆಗೆ ಬೇಕೇ ಎಂದು! ಅವರು ಎದ್ದು ಕೂತರು. ಗಾದಿಯನ್ನು ಎರಡು ಸಲ ಒತ್ತಿ ನೋಡಿದರು. ನನ್ನನ್ನು ನೋಡಿದರು. ಸುತ್ತ ನಿಂತ ಜನರಲ್ಲಿ ಮುಲುಂಡಿನವರು ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ದೋನ್ ದ್ಯಾ" ಅಂದರು. ಎರಡು ಕೊಡು. ನನ್ನ ಮದುವೆ ನಿಶ್ಚಯವಾದದ್ದು ಹೀಗೆ, ಕೈಗಾಡಿಯ ಮೇಲೆ.

ನಾನು ಕೆಳಗೆ ಬಿದ್ದಿದ್ದ ಅವರ ಚೀಲ ಎತ್ತಿಕೊಟ್ಟೆ. ಒಳಗೆ ಏನೋ ಖಣಖಣ ಎಂದಿತು. ಇಣುಕಿದರೆ ಒಂದು ಬಾಡಿದ ಗುಲಾಬಿ ಹಾರ, ಗಾಜು ಒಡೆದ ಒಂದು ಫ್ರೇಮು. ಅದರಲ್ಲಿ ದೊಡ್ಡ ಸಾಹೇಬರ ಸಹಿಯೊಂದಿಗೆ ಇಂಗ್ಲಿಷಿನಲ್ಲಿ ಬರೆದಿತ್ತು: ಇವರು ತಮ್ಮ ಇಡೀ ಸೇವೆಯಲ್ಲಿ ಒಂದೇ ಒಂದು ಅಪಘಾತವನ್ನೂ ಮಾಡಿಲ್ಲ.

ಅವರು ಚೀಲವನ್ನು ಕಸಿದುಕೊಂಡು, ಮೊದಲ ಸಲ ನನ್ನನ್ನು ಬೇರೆ ಹೆಸರಿನಿಂದ ಕರೆದರು.

"ಅಳಿಯಂದ್ರ, ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ. ನನ್ನ ಸರ್ವೀಸು ಇವತ್ತ ರಾತ್ರಿ ಹನ್ನೆರಡಕ್ಕ ಮುಗೀತದ."

ಆಗ ಸಂಜೆ ಆರೂವರೆ. ಅಂದು ಎಪ್ಪತ್ತೆರಡನೆಯ ಇಸವಿಯ ಮಾರ್ಚ್ ಮೂವತ್ತೊಂದು, ಶುಕ್ರವಾರ.