ಒತ್ತು ಬಿದ್ದಲ್ಲಿ ಹೂಂ

ಹೂಂಗುಟ್ಟುವುದೂ ಒಂದು ವಿದ್ಯೆ. ಕೇಳುವವರು ಹೂಂ ಅನ್ನದಿದ್ದರೆ ನಮ್ಮಜ್ಜಿ ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು. ಹಾಗಾಗಿ ಅರೆನಿದ್ದೆಯಲ್ಲೂ ಅವರ ದನಿ ಎಲ್ಲಿ ಒತ್ತುತ್ತದೋ ಅಲ್ಲೊಂದು ಹೂಂ ಸೇರಿಸುವುದನ್ನು ಚಿಕ್ಕಂದಿನಲ್ಲೇ ಕಲಿತೆ. ವಿಷಯ ತಲೆಗೆ ಹೋಗಲೇಬೇಕೆಂದೇನಿಲ್ಲ. ಇದೇ ವಿದ್ಯೆ ಸಿಡ್ನಿಯಲ್ಲಿ ನನ್ನ ಕೆಲಸ ಉಳಿಸಿತು, ನನ್ನ ಹೆಂಡತಿ ಸುಮಾಳ ಡ್ರೈವಿಂಗ್ ಟೆಸ್ಟ್ ಕೆಡಿಸಿತು.

ಸಿಡ್ನಿಯ ನಾರ್ವೆಸ್ಟ್‌ನಲ್ಲಿರುವ ನಮ್ಮ ಆಫೀಸಿನ ಯಜಮಾನರೆಲ್ಲ ಜರ್ಮನಿಯಲ್ಲಿ. ವಾರಕ್ಕೊಮ್ಮೆ ಫೋನಿನಲ್ಲೇ ಮೀಟಿಂಗ್. ಅವರು ಇಂಗ್ಲಿಷಿನಲ್ಲಿ ಶುರುಮಾಡಿ, ವಾದ ಬಿಸಿಯಾದ ಕೂಡಲೇ ಜರ್ಮನ್‌ಗೆ ಇಳಿಯುತ್ತಿದ್ದರು. ನನಗೆ ಆ ಭಾಷೆಯ ಗಂಧಗಾಳಿಯೂ ಇಲ್ಲ. ಆದರೆ ವಾಕ್ಯದಲ್ಲಿ ಒಂದೊಂದು ಪದವನ್ನು ಮೊಳೆ ಹೊಡೆದ ಹಾಗೆ ಒತ್ತುತ್ತಾರೆ ನೋಡಿ, ಹೂಂಗುಟ್ಟುವವನಿಗೆ ಅದು ಹಬ್ಬ. ಮೂರೇ ವಾರದಲ್ಲಿ ನಮ್ಮ ಮ್ಯಾನೇಜರ್, ಇವನಿಗೆ ಜರ್ಮನ್ ಬರುತ್ತದೆ ಎಂದು ತೀರ್ಮಾನಿಸಿದರು. ನನ್ನ ಕಾಂಟ್ರಾಕ್ಟ್ ಮುಗಿಯುತ್ತಾ ಬಂದಿದ್ದರಿಂದ ನಾನೂ ಅಲ್ಲಗಳೆಯಲಿಲ್ಲ. ಜರ್ಮನಿಯಿಂದ ಮೆಲ್ಬರ್ನ್‌ಗೆ ಬರಲಿದ್ದ ಹಿರಿಯ ಎಂಜಿನಿಯರ್ ಬಾವರ್ ಅವರನ್ನು ಒಂದು ದಿನ ನೋಡಿಕೊಳ್ಳಲು ನನ್ನನ್ನೇ ಕಳಿಸಿದರು.

ಹೊರಡುವ ಹಿಂದಿನ ಸಂಜೆ ಸುಮಾ ಚಪಾತಿ ಲಟ್ಟಿಸುತ್ತಾ ಏನೋ ಹೇಳಿದಳು. ಹೂಂ ಅಂದೆ. ಬೆಳಿಗ್ಗೆ ಕಾರನ್ನು ಏರ್‌ಪೋರ್ಟ್ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ವಿಮಾನ ಹತ್ತಿದೆ.

ಹೋಟೆಲಿನಲ್ಲಿ ಬಾವರ್ ಕಾಲು ಗಂಟೆ ಜರ್ಮನ್‌ನಲ್ಲೇ ಮಾತಾಡಿದರು. ನಾನು ಒಂದು ಒತ್ತನ್ನೂ ಬಿಡದೆ ಹೂಂಗುಟ್ಟಿದೆ. ಕೊನೆಗೆ ಅವರು ನಗುತ್ತಾ ಇಂಗ್ಲಿಷಿನಲ್ಲಿ, ಟೀ ಬೇಕೋ ಕಾಫಿ ಬೇಕೋ ಎಂದು ಮೂರು ಸಲ ಕೇಳಿದೆ, ಮೂರು ಸಲವೂ ಹೂಂ ಅಂದಿರಿ, ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪುಣ್ಯಾತ್ಮರು, ಮ್ಯಾನೇಜರಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟು, ಮೇಲೊಂದು ಪಾಠವನ್ನೂ ಹೇಳಿದರು. ಅವರಲ್ಲಿ ಗೊತ್ತಿರುವುದನ್ನು ಹಗುರವಾಗಿ ಅಂದು ಹೊಸದನ್ನು ಒತ್ತುತ್ತಾರಂತೆ. ಒತ್ತು ಬಿದ್ದ ಕಡೆ ಕೇಳುವವರು ಕಿವಿಯ ಜೊತೆ ಬುದ್ಧಿಯನ್ನೂ ಕೊಡುತ್ತಾರಂತೆ. ನಾನು ಕಿವಿ ಮಾತ್ರ ಕೊಟ್ಟಿದ್ದೆ. ಅಷ್ಟರಲ್ಲಿ ಸುಮಾಳ ಫೋನ್ ಬಂತು.

"ರೀ, ಕಾರ್ ಎಲ್ಲಿ?"

ಏರ್‌ಪೋರ್ಟ್‌ನಲ್ಲಿ ಅಂದೆ.

"ಇವತ್ತು ನನ್ ಟೆಸ್ಟ್ ಇತ್ತು. ನಿನ್ನೆ ಹೇಳ್ದೆ, ಕಾರ್ ಬಿಟ್ಟು ಟ್ಯಾಕ್ಸೀಲಿ ಹೋಗಿ ಅಂತ. ಹೂಂ ಅಂದ್ರಿ."

ಯಾವ ಪದದ ಮೇಲೂ ಒತ್ತಿರಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಎರಡು ಸಲ ಫೇಲಾಗಿದ್ದವಳು ಮೂರನೆಯ ಸಲಕ್ಕೆ ಎರಡು ತಿಂಗಳು ಅಭ್ಯಾಸ ಮಾಡಿದ್ದಳು. ಲೈಸೆನ್ಸ್ ಇಲ್ಲದೆ ನಾವಿರುವ ಕ್ವೇಕರ್ಸ್ ಹಿಲ್‌ನಲ್ಲಿ ಒಂದು ಕಟ್ಟು ಕೊತ್ತಂಬರಿಗೂ ಅವಳು ಶನಿವಾರದವರೆಗೆ ನನ್ನ ದಾರಿ ಕಾಯಬೇಕಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಬಾವರ್ ಮಾತು ಉಳಿಸಿಕೊಂಡರು, ನನ್ನ ಕಾಂಟ್ರಾಕ್ಟ್ ಮುಂದುವರಿಯಿತು. ಮುಂದಿನ ತಿಂಗಳು ಸುಮಾ ಪಾಸಾದಳು. ಮರುದಿನ ನನ್ನನ್ನು ನಾರ್ವೆಸ್ಟ್‌ಗೆ ಬಿಡಲು ಅವಳೇ ಕಾರು ತೆಗೆದಳು. ದಾರಿಯುದ್ದಕ್ಕೂ ನಾನು ಹಳೆಯ ತಪ್ಪಿಗೆ ಕ್ಷಮೆ ಕೇಳಿದೆ, ಇನ್ನು ಮುಂದೆ ಗಮನವಿಟ್ಟು ಕೇಳುತ್ತೇನೆಂದು ಆಣೆ ಇಟ್ಟೆ. ಸುಮಾ ರಸ್ತೆಯಿಂದ ಕಣ್ಣು ಕದಲಿಸದೆ, ನನ್ನ ದನಿ ಒತ್ತಿದಲ್ಲೆಲ್ಲ ಒಂದೂ ತಪ್ಪದಂತೆ ಹೂಂ ಅನ್ನುತ್ತಿದ್ದಳು.